ಸರ್ಫಿಂಗ್ ಕಲಿಯುತ್ತಿರುವವರು ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವಾಗ ಏನು ನೋಡಬೇಕು?

ನೀವು ಬೆಂಗಳೂರಿನವರು, ತೂಕ 72 ಕೆಜಿ, ಮಂಗಳೂರಿನ ಹತ್ತಿರದ ಮೂಲ್ಕಿಗೆ ಬಂದು ಮೊದಲ ಪಾಠಗಳನ್ನು ಕಲಿತಿದ್ದೀರಿ. ಒಬ್ಬರು 6 ಅಡಿ 2 ಇಂಚಿನ ಶಾರ್ಟ್‌ಬೋರ್ಡನ್ನು (ಪಳಗಿದವರು ಬಳಸುವ ಚಿಕ್ಕ, ತೆಳುವಾದ ಬೋರ್ಡ್) ಅಗ್ಗಕ್ಕೆ ಕೊಡ್ತೀನಿ ಅಂದಿದ್ದಾರೆ. ಇನ್ನೊಬ್ಬರ ಹತ್ತಿರ ಹಳದಿಗೆ ತಿರುಗಿದ 8 ಅಡಿಯ ಫೈಬರ್‌ಗ್ಲಾಸ್ ಬೋರ್ಡ್ ಇದೆ. ಯಾವುದು ಅಂತ ಕೇಳಿದ್ದೀರಿ. 8 ಅಡಿಯದ್ದನ್ನು ನೋಡಲು ಹೋಗಿ. ಶಾರ್ಟ್‌ಬೋರ್ಡ್ ಪುಕ್ಕಟೆ ಕೊಟ್ಟರೂ ಈಗ ಬೇಡ.

ಇಲ್ಲೇ ಹತ್ತಿರದ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯುವಾಗ ನಮ್ಮ ಹುಡುಗರ ಆಟ ನೋಡಿದ ಯಾರಿಗಾದರೂ ಶಾರ್ಟ್‌ಬೋರ್ಡ್ ಮೇಲೆ ಆಸೆ ಹುಟ್ಟುತ್ತದೆ. ಆದರೆ ಬೋರ್ಡ್ ನಿಮ್ಮನ್ನು ತೇಲಿಸುವುದು ಅದರ ವಾಲ್ಯೂಮಿನಿಂದ, ಅಂದರೆ ಒಟ್ಟು ಗಾತ್ರದಿಂದ. ಅದನ್ನು ಲೀಟರ್‌ನಲ್ಲಿ ಹೇಳುತ್ತಾರೆ, ಎಷ್ಟೋ ಬೋರ್ಡ್‌ಗಳ ಮೇಲೆ ಬರೆದೇ ಇರುತ್ತದೆ. ಕಲಿಯುವವರಿಗೆ ತಮ್ಮ ತೂಕದಷ್ಟಾದರೂ ಲೀಟರ್ ಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದೇ. 6 ಅಡಿ 2 ಇಂಚಿನ ಶಾರ್ಟ್‌ಬೋರ್ಡ್ ಸಾಮಾನ್ಯವಾಗಿ 30 ಲೀಟರ್ ಆಸುಪಾಸು ಇರುತ್ತದೆ. ಅದರ ಮೇಲೆ ಮಲಗಿದರೆ ನೀವು ಅರ್ಧ ಮುಳುಗಿರುತ್ತೀರಿ, ಕೈ ಹೊಡೆದಷ್ಟೂ ಸುಸ್ತು, ಅಲೆ ಮಾತ್ರ ಸಿಗುವುದಿಲ್ಲ. ಅಲೆ ಸಿಗದೆ ಎದ್ದು ನಿಲ್ಲುವುದನ್ನು ಕಲಿಯುವುದು ಹೇಗೆ, ಅಲ್ವಾ?

ಹಳದಿ ಬಣ್ಣಕ್ಕೆ ಹೆದರಬೇಡಿ. ಬಿಸಿಲು ತಿಂದ ಬೋರ್ಡ್ ಹಳದಿ ಆಗಿಯೇ ಆಗುತ್ತದೆ. ಬಣ್ಣವನ್ನು ತೋರಿಸಿ ಬೆಲೆ ಇಳಿಸಿ, ಅಷ್ಟೇ. ಮೇಲ್ಭಾಗದಲ್ಲಿ ಕಾಲು, ಮಂಡಿ ಊರಿದ ಸಣ್ಣ ಸಣ್ಣ ಗುಳಿಗಳಿದ್ದರೂ ಪರವಾಗಿಲ್ಲ. ನೀವು ಹುಡುಕಬೇಕಾದದ್ದು ನೀರನ್ನು. ಫೈಬರ್‌ಗ್ಲಾಸ್ ಒಡೆದು ಒಳಗಿನ ಫೋಮ್‌ಗೆ ಉಪ್ಪುನೀರು ಇಳಿದರೆ ಬೋರ್ಡ್ ಭಾರವಾಗುತ್ತದೆ, ಒಳಗೊಳಗೇ ಹಾಳಾಗುತ್ತದೆ.

ಹೋಗುವ ಮುಂಚೆ ಮಾರುವವರಿಗೆ ಫೋನ್ ಮಾಡಿ, ಕಾಲು ಜಾರದಿರಲೆಂದು ಮೇಲೆ ಹಚ್ಚಿದ ಹಳೆಯ ವ್ಯಾಕ್ಸನ್ನೆಲ್ಲ (ಮೇಣ) ಕೆರೆದು ತೆಗೆದಿಡಲು ಹೇಳಿ. ದಪ್ಪ ವ್ಯಾಕ್ಸ್ ಅಡಿಯಲ್ಲಿ ಬಿರುಕು ಕಾಣಿಸುವುದೇ ಇಲ್ಲ. ನೋಡುವುದು ಹಗಲು ಬೆಳಕಿನಲ್ಲೇ ಇರಲಿ. ಅಂಗೈಯನ್ನು ಬೋರ್ಡಿನ ಉದ್ದಕ್ಕೂ, ಅಂಚಿನ ಮೇಲೂ ಸವರಿಕೊಂಡು ಹೋಗಿ, ಕಣ್ಣಿಗೆ ಬೀಳದ ಬಿರುಕು ಬೆರಳಿಗೆ ಸಿಗುತ್ತದೆ. ಮೇಲ್ಭಾಗವನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ. ಉಬ್ಬಿದ ಚಪಾತಿಯ ಹಾಗೆ ಒಳಗೆ ಹೋಗಿ ಮತ್ತೆ ಮೇಲೆ ಬಂದರೆ ಫೈಬರ್‌ಗ್ಲಾಸ್ ಪದರ ಫೋಮ್‌ನಿಂದ ಬಿಟ್ಟುಕೊಂಡಿದೆ ಎಂದರ್ಥ. ಅಂಥದ್ದನ್ನು ಬಿಟ್ಟುಬಿಡಿ, ರಿಪೇರಿ ಖರ್ಚು ಅದರ ಬೆಲೆಯನ್ನೇ ಮೀರಬಹುದು. ಅಡ್ಡಕ್ಕೆ, ಒಂದು ಅಂಚಿನಿಂದ ಇನ್ನೊಂದು ಅಂಚಿನ ಕಡೆಗೆ ಗೆರೆ ಓಡಿದ್ದರೂ ಬೇಡ. ಅದು ಮುರಿಯುವುದಕ್ಕೆ ಕಾಯುತ್ತಿರುವ ಬೋರ್ಡ್.

ಆಮೇಲೆ ತಿರುಗಿಸಿ ಅಡಿಯಲ್ಲಿರುವ ಫಿನ್‌ಗಳನ್ನು, ಅಂದರೆ ಮೀನಿನ ರೆಕ್ಕೆಯಂಥವನ್ನು, ಹಿಡಿದು ಅಲ್ಲಾಡಿಸಿ. ಫಿನ್ ಕೂರಿಸುವ ಬಾಕ್ಸ್ ಸುತ್ತ ಕೂದಲೆಳೆಯಂಥ ಬಿರುಕು ಇದ್ದರೆ ನೀರು ಇಳಿಯುವುದು ಅಲ್ಲಿಂದಲೇ. ಲೀಶ್ (ಬೋರ್ಡನ್ನು ನಿಮ್ಮ ಕಾಲಿಗೆ ಸೇರಿಸುವ ಹಗ್ಗ) ಕಟ್ಟುವ ಪ್ಲಗ್ಗನ್ನೂ ಎಳೆದು ನೋಡಿ. ಹಳೆಯ ಲೀಶ್ ಕೊಟ್ಟರೆ ಅದನ್ನು ನಂಬಬೇಡಿ, ಬೋರ್ಡಿನಷ್ಟೇ ಉದ್ದದ ಹೊಸದನ್ನು ತಗೊಳ್ಳಿ. ಲೀಶ್ ತುಂಡಾದರೆ ನಿಮ್ಮ ಬೋರ್ಡ್ ದಡದಲ್ಲಿರುವ ಮಗುವಿಗೆ ಬಡಿಯಬಹುದು. ಸಣ್ಣ ಒಡಕೊಂದೇ ಇದ್ದು ಫೋಮ್ ಒಣಗಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಬಿಸಿಲಿಗೆ ಗಟ್ಟಿಯಾಗುವ ರೆಸಿನ್ ಅಂಟು ಹಚ್ಚಿ ನೀವೇ ಮುಚ್ಚಬಹುದು, ಆದರೆ ಪೂರ್ತಿ ಒಣಗಿಸಿದ ಮೇಲೆ ಮಾತ್ರ.

ನನ್ನನ್ನು ಕೇಳಿದರೆ, 8 ಅಡಿಯ ಸಾಫ್ಟ್‌ಟಾಪ್, ಅಂದರೆ ಮೇಲ್ಭಾಗ ಮೆತ್ತಗಿರುವ ಬೋರ್ಡ್, ಸಿಕ್ಕಿದರೆ ಇನ್ನೂ ಒಳ್ಳೆಯದು. ತಲೆಗೆ, ಮೊಣಕಾಲಿಗೆ ತಾಗಿದರೂ ಪೆಟ್ಟು ಕಡಿಮೆ. ಅದರಲ್ಲಿ ಅಡಿಭಾಗದ ಪ್ಲಾಸ್ಟಿಕ್ ಹಾಳೆ ಅಂಚಿನಲ್ಲಿ ಎದ್ದಿದೆಯೇ, ಎತ್ತಿದಾಗ ವಿಪರೀತ ಭಾರ ಅನಿಸುತ್ತದೆಯೇ, ಇವೆರಡನ್ನು ನೋಡಿದರೆ ಸಾಕು.

ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಬಗ್ಗೆಯೂ ಕೇಳಿದ್ದೀರಿ. ಮೂಲ್ಕಿಯ ಶಾಂಭವಿ ನದಿಯಲ್ಲಿ ಬೆಳಗಿನ ಹೊತ್ತು ತೇಲುತ್ತಾ ಹೋಗುವುದಕ್ಕೆ ಅದು ಸೊಗಸು, ಅಪಾರ್ಟ್‌ಮೆಂಟಿನಲ್ಲಿ ಮಡಚಿಡಲೂ ಸುಲಭ. ಆದರೆ ಅದು ಅಲೆ ಏರುವುದನ್ನು ಕಲಿಯುವ ಬೋರ್ಡ್ ಅಲ್ಲ. ಕೊಳ್ಳುವುದಾದರೆ ಅದರ ಮೇಲೆ ಬರೆದಷ್ಟು ಒತ್ತಡಕ್ಕೆ, ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ, ಗಾಳಿ ತುಂಬಿಸಿ ಒಂದು ರಾತ್ರಿ ನೆರಳಿನಲ್ಲಿ ಇಡಲು ಹೇಳಿ. ಬೆಳಿಗ್ಗೆ ಮೆತ್ತಗಾಗಿದ್ದರೆ ವಾಲ್ವ್‌ಗೆ, ಅಂಟಿಸಿದ ಜಾಗಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ವಾಲ್ವ್‌ನಲ್ಲಿ ಗುಳ್ಳೆ ಬಂದರೆ ಸರಿಮಾಡಬಹುದು, ಅಂಟು ಬಿಟ್ಟಿದ್ದರೆ ಬೇಡ. ಹರಿಯುವ ನದಿಯಲ್ಲಿ ಲೈಫ್ ಜಾಕೆಟ್ ಹಾಕಿ. ಕಾಲಿಗೆ ಲೀಶ್ ಕಟ್ಟಬೇಡಿ, ಕೊಂಬೆಗೋ ಕಂಬಕ್ಕೋ ಸಿಕ್ಕಿಕೊಂಡರೆ ಬಿಡಿಸಲಾಗುವುದಿಲ್ಲ. ಎಳೆದ ಕೂಡಲೇ ಬಿಚ್ಚಿಕೊಳ್ಳುವ, ಸೊಂಟಕ್ಕೆ ಕಟ್ಟುವ ಲೀಶ್ ಬೇರೆ ಸಿಗುತ್ತದೆ.

ಒಂದು ಮಾತು ಮಾತ್ರ ಯೋಚಿಸಿ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬರುವುದಾದರೆ ಬಾಡಿಗೆ ಬೋರ್ಡೇ ಲಾಭ. 8 ಅಡಿಯದ್ದನ್ನು ಬೆಂಗಳೂರಿನಿಂದ ಹೊತ್ತು ತರುವುದು ಸುಲಭವಲ್ಲ, ಟೆರೇಸಿನ ಬಿಸಿಲಿನಲ್ಲಿಟ್ಟರೆ ಹಾಳಾಗುತ್ತದೆ. ತಿಂಗಳು ತಿಂಗಳೂ ಬರುತ್ತೀರಿ ಎಂದಾದರೆ ಮಳೆಗಾಲದಲ್ಲೇ ಹುಡುಕಿ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಕಲಿಯುವವರಿಗೆ ಅಲ್ಲ. ಅಕ್ಟೋಬರ್‌ನಲ್ಲಿ ಬನ್ನಿ.