ಉಸ್ಪೆನ್‌ಸ್ಕಿಯನ್ನು ಎಲ್ಲಿಂದ ಓದಬೇಕು, ಗಡಿಯಾರದ ಅಭ್ಯಾಸ ಹೇಗೆ ಮಾಡಬೇಕು?

ರಷ್ಯನ್ ಚಿಂತಕ ಪಿ. ಡಿ. ಉಸ್ಪೆನ್‌ಸ್ಕಿಯವರ ‘ಟೆರ್ಶಿಯಂ ಆರ್ಗನಂ’ ಹಿಡಿದು ಕೂತರೆ ಮುಂದೆ ಸಾಗುತ್ತಿಲ್ಲ, ದಾವಣಗೆರೆಯಂಥ ಊರಲ್ಲಿ ಗುರುವಿಲ್ಲದೆ ಅವರ ‘ತನ್ನ ನೆನಪು’, ಅಂದರೆ ಏನು ಮಾಡುತ್ತಿದ್ದರೂ ‘ನಾನು ಇಲ್ಲಿದ್ದೇನೆ’ ಎಂಬ ಎಚ್ಚರ ಬಿಡದಿರುವ ಅಭ್ಯಾಸ ಮಾಡಲು ಸಾಧ್ಯವೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಆ ಪುಸ್ತಕ ಪಕ್ಕಕ್ಕಿಡಿ. ಅದು ರಷ್ಯನ್ ಭಾಷೆಯಲ್ಲಿ ಬಂದಿದ್ದು 1912ರಲ್ಲಿ, ಮುಂದೆ ಅವರಿಗೆ ಗುರುವಾದ ಗುರ್ಜೀಫ್ ಅವರ ಪರಿಚಯವಾಗುವುದಕ್ಕೆ ಮೂರು ವರ್ಷ ಮೊದಲು. ಅದರ ತುಂಬ ಇರುವುದು ಜರ್ಮನ್ ತತ್ವಜ್ಞಾನಿ ಕಾಂಟ್, ಬ್ರಿಟಿಷ್ ಗಣಿತಜ್ಞ ಹಿಂಟನ್‌ರ ನಾಲ್ಕನೆಯ ಆಯಾಮ, ಅರಿವಿನ ಮಟ್ಟಕ್ಕೆ ತಕ್ಕಂತೆ ಜಗತ್ತು ಕಾಣುತ್ತದೆ ಎಂಬ ವಾದ. ಬಸವನಹುಳುವಿಗೆ ಒಂದು ಆಯಾಮ, ನಾಯಿಗೆ ಎರಡು, ನಮಗೆ ಮೂರು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ವಾದ ಚೆಂದವಿದೆ. ಆದರೆ ನೀವು ಹುಡುಕುತ್ತಿರುವ ಅಭ್ಯಾಸ ಅದರಲ್ಲಿ ಇಲ್ಲ, ಅದು ಅವರಿಗೆ ಸಿಕ್ಕಿದ್ದೇ ಆಮೇಲೆ.

ನನ್ನ ಪ್ರಕಾರ ಶುರು ಮಾಡಬೇಕಾದದ್ದು ‘ದ ಸೈಕಾಲಜಿ ಆಫ್ ಮ್ಯಾನ್ಸ್ ಪಾಸಿಬಲ್ ಎವಲ್ಯೂಶನ್’. ಐದೇ ಉಪನ್ಯಾಸ, ನೂರು ಪುಟದ ಆಸುಪಾಸು. ಲಂಡನ್ನಿನಲ್ಲಿ ಹೊಸದಾಗಿ ಬರುವವರಿಗೆ ಓದಿ ಹೇಳಲೆಂದು ಬರೆದದ್ದಾದ್ದರಿಂದ ಸುತ್ತುಬಳಸಿಲ್ಲ. ಎರಡನೆಯದು ‘ಇನ್ ಸರ್ಚ್ ಆಫ್ ದ ಮಿರಾಕ್ಯುಲಸ್’, ಅವರು ತೀರಿಕೊಂಡ ಮೇಲೆ 1949ರಲ್ಲಿ ಬಂತು. ಇದನ್ನು ಓದುವಾಗ ವಿಶ್ವದ ರಚನೆ ವಿವರಿಸುವ ‘ಸೃಷ್ಟಿಯ ಕಿರಣ’, ‘ಜಲಜನಕಗಳ ಕೋಷ್ಟಕ’ ಇರುವ ಅಧ್ಯಾಯಗಳಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಬಹಳ ಜನ ಅಲ್ಲೇ ಪುಸ್ತಕ ಬಿಡುತ್ತಾರೆ. ಅವನ್ನು ದಾಟಿ ಮುಂದೆ ಹೋಗಿ, ಬೇಕಾದರೆ ಮತ್ತೆ ಬನ್ನಿ.

ಜೀವನದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. 1878ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು, ಪತ್ರಕರ್ತರಾಗಿ ದುಡಿದರು. ಹಿಂದಿನಿಂದ ಬಂದ ಜ್ಞಾನವನ್ನು ಕಾಪಾಡಿಕೊಂಡಿರುವ ಸಾಧಕರ ಶಾಲೆಗಳು ಎಲ್ಲೋ ಇರಬೇಕೆಂದು ನಂಬಿ ಈಜಿಪ್ಟ್, ಸಿಲೋನ್ ಸುತ್ತಿ ಭಾರತಕ್ಕೂ ಬಂದರು. ಮದ್ರಾಸಿನ ಅಡ್ಯಾರ್‌ನಲ್ಲಿ ಥಿಯಸಾಫಿಕಲ್ ಸೊಸೈಟಿಯಲ್ಲಿ ಇದ್ದು ಹೋದರು. ಹುಡುಕಿದ್ದು ಸಿಗುವ ಮೊದಲೇ 1914ರ ಯುದ್ಧ ಬಂತು. ಮರುವರ್ಷ ಗುರ್ಜೀಫ್ ಸಿಕ್ಕಿದ್ದು ತಮ್ಮದೇ ಮಾಸ್ಕೋದಲ್ಲಿ. ಕ್ರಾಂತಿಯಾದ ಮೇಲೆ ಕಾಕಸಸ್, ಕಾನ್‌ಸ್ಟಾಂಟಿನೋಪಲ್ ಹಾದು 1921ರಲ್ಲಿ ಲಂಡನ್ ಸೇರಿದರು. 1924ರಲ್ಲಿ ಗುರ್ಜೀಫ್‌ರಿಂದ ಬೇರೆಯಾದರು, ಆದರೂ ಅವರ ಬೋಧನೆಯನ್ನೇ ಮುಂದುವರಿಸಿದರು. ಎರಡನೆಯ ಯುದ್ಧದ ವರ್ಷಗಳನ್ನು ಅಮೆರಿಕದಲ್ಲಿ ಕಳೆದು 1947ರಲ್ಲಿ ಇಂಗ್ಲೆಂಡಿಗೆ ಮರಳಿ ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಇನ್ನು ಅಭ್ಯಾಸ. ಸೆಕೆಂಡ್ ಮುಳ್ಳಿರುವ ಗಡಿಯಾರ ಬೇಕು. ಮೊಬೈಲ್ ಬೇಡ, ಒಂದು ಮೆಸೇಜ್ ಬಂದರೆ ಅಲ್ಲಿಗೆ ಮುಗಿಯಿತು. ಬೆನ್ನು ನೆಟ್ಟಗೆ ಮಾಡಿ ಕೂತು ಮುಳ್ಳಿನ ಓಟವನ್ನು ನೋಡಿ. ಅದೇ ಹೊತ್ತಿಗೆ ‘ನಾನು ಇಂಥವನು, ಈಗ ಇಲ್ಲಿದ್ದೇನೆ’ ಎಂಬ ಅರಿವೂ ಇರಬೇಕು. ಗಮನ ಎರಡು ಕಡೆ ಹರಿಯಬೇಕು, ಒಂದು ಮುಳ್ಳಿನ ಕಡೆ, ಇನ್ನೊಂದು ನೋಡುತ್ತಿರುವ ನಿಮ್ಮ ಕಡೆ. ಬೇರೆ ಯಾವ ಯೋಚನೆಯೂ ನುಗ್ಗಬಾರದು. ಹಟ ಹಿಡಿದು ಮಾಡಿದರೂ ಇದು ಎರಡು ನಿಮಿಷ ನಿಂತರೆ ದೊಡ್ಡದು, ಅದೇ ನಿಮ್ಮ ಎಚ್ಚರದ ಗಡಿ ಎನ್ನುತ್ತಾರೆ ಉಸ್ಪೆನ್‌ಸ್ಕಿ. ಕೂಡಲೇ ಎರಡನೇ ಸಲ ಮಾಡಲು ಹೋದರೆ ಮೊದಲಿಗಿಂತ ಕಷ್ಟ. ಹಾಗಾಗಿ ದಿನಕ್ಕೆ ಎರಡು ಸಲ, ಬೆಳಗ್ಗೆ ಒಂದು, ಸಂಜೆ ಒಂದು, ಅಷ್ಟೇ ಮಾಡಿ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ತನ್ನ ನೆನಪಿನಲ್ಲಿರುವುದೂ ತನ್ನ ಬಗ್ಗೆ ಯೋಚಿಸುವುದೂ ಒಂದೇ ಎಂದು ತಿಳಿಯುತ್ತಾರೆ. ‘ನಾನು ಇಲ್ಲಿದ್ದೇನೆ’ ಎಂಬುದನ್ನು ಬಾಯಿಪಾಠದಂತೆ ಒಳಗೇ ಹೇಳಿಕೊಳ್ಳುತ್ತಾ ಹೋದರೆ ಅದು ಜಪವಾಗುತ್ತದೆ, ಮನಸ್ಸು ಅದರ ಹಿಂದೆ ಆರಾಮಾಗಿ ನಿದ್ದೆ ಮಾಡುತ್ತದೆ. ಪರೀಕ್ಷೆ ಸುಲಭ: ಪಾದ ನೆಲಕ್ಕೆ ತಾಗಿರುವುದು ನಿಮಗೆ ತಿಳಿಯುತ್ತಿದೆಯೇ? ತಿಳಿಯದಿದ್ದರೆ ಅದು ಬರೀ ಮಾತು. ಇನ್ನು ಕೆಲವರು ಉಸಿರು ಬಿಗಿಹಿಡಿದು, ಹುಬ್ಬು ಗಂಟಿಕ್ಕಿ ಕೂರುತ್ತಾರೆ. ಬರುವುದು ತಲೆನೋವು ಮಾತ್ರ.

ಕೂತು ಮಾಡುವುದು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ನಡೆಯುವಾಗ ಮಾಡಿ. ಚಿತ್ರದುರ್ಗದ ಕೋಟೆ ಇದಕ್ಕೆ ಬಹಳ ಒಳ್ಳೆಯ ಜಾಗ. ದಾರಿ ತಿರುಗಿ ತಿರುಗಿ ಹೋಗುವುದರಿಂದ ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣುವುದಿಲ್ಲ. ಒಂದು ಬಾಗಿಲಿಂದ ಇನ್ನೊಂದಕ್ಕೆ ಎಚ್ಚರವಾಗಿ ಹೋಗುತ್ತೇನೆ ಎಂದುಕೊಂಡು ಹೊರಡಿ, ಮುಂದಿನದರಲ್ಲಿ ನಿಂತು ಎಲ್ಲಿ ತಪ್ಪಿತು ನೋಡಿ. ದಾವಣಗೆರೆಯಲ್ಲೇ ಆಗಬೇಕೆಂದರೆ ಕುಂದವಾಡ ಕೆರೆ ಏರಿಯ ಮೇಲೆ ಲೈಟು ಕಂಬದಿಂದ ಕಂಬಕ್ಕೆ ಮಾಡಿ. ಉಸ್ಪೆನ್‌ಸ್ಕಿಯವರೇ ಪೀಟರ್ಸ್‌ಬರ್ಗಿನ ಲಿತೇನಿ ಬೀದಿಯಲ್ಲಿ ಹೀಗೆ ನಡೆದರು. ಒಂದು ಅಂಗಡಿಯಲ್ಲಿ ಸಿಗರೇಟು ಹೇಳುವ ತನಕ ನೆನಪು ಇತ್ತು. ಮತ್ತೆ ಎಚ್ಚರವಾದಾಗ ಎರಡು ಗಂಟೆ ಕಳೆದಿತ್ತು, ಬೇರೆ ಬೀದಿಯಲ್ಲಿದ್ದರು. ನಡುವೆ ಮನೆಗೆ ಹೋಗಿ, ಫೋನ್ ಮಾಡಿ, ಕಾಗದ ಬರೆದು ಎಲ್ಲ ಕೆಲಸವನ್ನೂ ಸರಿಯಾಗಿಯೇ ಮಾಡಿದ್ದರು! ಅವರು ‘ಎಚ್ಚರದ ನಿದ್ದೆ’ ಎನ್ನುವುದು ಇದನ್ನೇ. ಹಾಗಾಗಿ ನಿಮಗೆ ಹತ್ತು ಹೆಜ್ಜೆಗೇ ತಪ್ಪಿದರೆ ಬೇಸರ ಬೇಡ, ತಪ್ಪಿದ್ದು ಕಂಡಿತಲ್ಲ, ಆ ದಿನದ ಕೆಲಸ ಆಯಿತು.

ಇದರ ಜೊತೆಗೆ ಶಕ್ತಿ ಪೋಲಾಗುವ ನಾಲ್ಕು ಸೋರಿಕೆಗಳ ಮೇಲೆ ಕಣ್ಣಿಡಲು ಹೇಳುತ್ತಾರೆ: ಸುಳ್ಳು, ಹಗಲುಗನಸು, ಕಹಿ ಭಾವನೆಗಳನ್ನು ಹೊರಹಾಕುವುದು, ಬೇಡದ ಮಾತು. ಸುಳ್ಳೆಂದರೆ ಇಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಮಾತಾಡುವುದೂ ಸೇರಿತು. ಮೊದಲು ಬೇಡದ ಮಾತನ್ನು ಹಿಡಿಯಿರಿ, ಅದು ಕಣ್ಣಿಗೆ ಬೀಳುವುದು ಸುಲಭ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟು ಬಿದ್ದ ದಿನ ಚಹಾದಂಗಡಿಯಲ್ಲಿ ಹತ್ತು ನಿಮಿಷ ನಿಂತು ಕೇಳಿ, ನೀವೂ ಮಾತಿಗಿಳಿಯಿರಿ, ಯಾವ ಗಳಿಗೆಯಲ್ಲಿ ನೀವು ಮಾಯವಾಗಿ ಬರೀ ರೇಟು ಉಳಿಯಿತು ಎಂದು ನೋಡಿ. ಕಹಿ ಭಾವನೆಯ ವಿಷಯದಲ್ಲಿ ಮಾತ್ರ ಜೋಪಾನ. ಸಿಟ್ಟು ಬರಲೇಬಾರದು ಎಂದು ಅವರು ಹೇಳಿಲ್ಲ. ಬಂದದ್ದನ್ನು ಮಾತಲ್ಲಿ, ಮುಖದಲ್ಲಿ ಚೆಲ್ಲದೆ ಒಳಗೆ ನೋಡಬೇಕು. ನೋಡದೆ ಬರೀ ಅದುಮಿಟ್ಟರೆ ಅದು ಸಂಜೆ ಮನೆಯವರ ಮೇಲೆ ತಿರುಗುತ್ತದೆ.

ವಚನ ಓದಿಕೊಂಡು ಬೆಳೆದ ನಮ್ಮ ಕಡೆಯವರು ಇದನ್ನು ಬೇಗ ಅಲ್ಲಮನ ಅರಿವಿಗೆ ಜೋಡಿಸಿಬಿಡುತ್ತೇವೆ. ಸ್ವಲ್ಪ ತಡೆಯಿರಿ. ಉಸ್ಪೆನ್‌ಸ್ಕಿ ಶುರು ಮಾಡುವುದೇ ನಿಮ್ಮೊಳಗೆ ಒಂದು ‘ನಾನು’ ಇಲ್ಲ, ನೂರಾರು ಪುಟ್ಟ ‘ನಾನು’ಗಳಿವೆ ಎಂಬಲ್ಲಿಂದ. ಭಕ್ತಿಗೂ ಲಿಂಗಕ್ಕೂ ಅಲ್ಲಿ ಜಾಗವಿಲ್ಲ. ಹೋಲಿಕೆ ಆಮೇಲೆ ಮಾಡಬಹುದು.

ಗುರುವಿಲ್ಲದೆ ಆಗುತ್ತದೆಯೇ? ಒಬ್ಬರೇ ದೂರ ಹೋಗಲಾರಿರಿ, ಶಾಲೆ ಬೇಕೇ ಬೇಕು ಎಂಬುದು ಅವರ ಖಚಿತ ಉತ್ತರ. ಆದರೆ ಮೇಲೆ ಹೇಳಿದ ಗಮನಿಸುವ ಕೆಲಸ ಯಾರೂ ಇಲ್ಲದೆ ಆಗುತ್ತದೆ. ಇಬ್ಬರು ಮೂವರು ಸ್ನೇಹಿತರು ವಾರಕ್ಕೊಮ್ಮೆ ಸೇರಿ ಕಂಡದ್ದನ್ನು ಮಾತ್ರ ಹೇಳಿಕೊಳ್ಳಿ, ಒಬ್ಬರಿಗೊಬ್ಬರು ಉಪದೇಶ ಮಾಡಬೇಡಿ. ಗುರ್ಜೀಫ್ ಹೆಸರು ಹೇಳಿ ಮೊದಲ ದಿನವೇ ದೊಡ್ಡ ಮೊತ್ತ ಕೇಳುವವರ ಹತ್ತಿರ ಹೋಗಬೇಡಿ. ಅಭ್ಯಾಸದಿಂದ ನಿದ್ದೆ ಕೆಟ್ಟರೆ, ಸುತ್ತಲಿನದೆಲ್ಲ ನಿಜವಲ್ಲ ಅನ್ನಿಸಿ ಹೆದರಿಕೆಯಾದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಆರು ತಿಂಗಳು ಹೀಗೆ ಮಾಡಿದ ಮೇಲೆ ‘ಟೆರ್ಶಿಯಂ ಆರ್ಗನಂ’ ಮತ್ತೆ ತೆಗೆಯಿರಿ, ಬಸವನಹುಳುವಿನ ಅಧ್ಯಾಯದಿಂದಲೇ.