ಫೇಡರ್ ಇದೆ, ಆಪ್ ಕೇಳ್ತಿಲ್ಲ!

ಪ್ರಶ್ನೆ: ಕೋರ್ಗ್ ನ್ಯಾನೊಕಂಟ್ರೋಲ್2 (ಫೇಡರ್ ಅಂದ್ರೆ ಮೇಲೆ ಕೆಳಗೆ ಎಳೆಯೋ ಗುಂಡಿಗಳಿರೋ ಪುಟ್ಟ ಕಂಟ್ರೋಲರ್) ತಗೊಂಡೆ. ಐಪ್ಯಾಡ್‌ಗೆ ಹಾಕಿದ್ರೆ ಗ್ಯಾರೇಜ್‌ಬ್ಯಾಂಡ್ ಮ್ಯೂಸಿಕ್ ಆಪಲ್ಲಿ ಫೇಡರ್ ಎಳೆದ್ರೂ ವಾಲ್ಯೂಮ್ ಅಲ್ಲಾಡಲ್ಲ, ಯಾಕೆ?

ಉತ್ತರ: ಫೇಡರ್ ಸೌಂಡ್ ಕಳಿಸಲ್ಲ ಮಾರಾಯ್ರೆ, ಮಿಡಿ ಅನ್ನೋ ಮ್ಯೂಸಿಕ್ ಸಾಧನಗಳ ಭಾಷೆಲಿ ಬರೀ ಒಂದು ಸಿಸಿ ನಂಬರು (ಕಂಟ್ರೋಲ್ ಚೇಂಜ್, ಯಾವ ಫೇಡರ್ ಅಂತ ಗುರುತಿಸೋ ನಂಬರು) ಮತ್ತೆ 0ಯಿಂದ 127ರವರೆಗಿನ ಒಂದು ಅಂಕಿ ಕಳಿಸುತ್ತೆ ಅಷ್ಟೇ, ಅದನ್ನ ಆಪಿನ ಯಾವ ಕಂಟ್ರೋಲ್‌ಗೆ ಕಟ್ಬೇಕು ಅಂತ ಆಪ್‌ಗೆ ನಾವೇ ಹೇಳ್ಬೇಕು, ಅದಕ್ಕೆ ಮಿಡಿ ಲರ್ನ್ ಅಂತಾರೆ. ಐಪ್ಯಾಡ್ ಗ್ಯಾರೇಜ್‌ಬ್ಯಾಂಡಲ್ಲಿ ಆ ಸೌಲಭ್ಯ ಇಲ್ಲ. ಎಯುಎಂ ಅನ್ನೋ ಮಿಕ್ಸರ್ ಆಪ್ ತಗೊಳ್ಳಿ, ದುಡ್ಡು ಕೊಡ್ಬೇಕು ಆದ್ರೆ ಮಿಕ್ಸಿಂಗ್‌ಗೆ ನನ್ನ ಮೊದಲ ಆಯ್ಕೆ ಅದೇ, ಮಿಡಿ ಕಂಟ್ರೋಲಲ್ಲಿ ಚಾನೆಲ್ ವಾಲ್ಯೂಮ್ ಆರಿಸಿ ಲರ್ನ್ ಒತ್ತಿ ಫೇಡರ್ ಸ್ವಲ್ಪ ಎಳೆದ್ರೆ ಸಾಕು. ಅದಕ್ಕೂ ಮೊದ್ಲು ಡಬ್ಬಾ ಸಿಸಿ ಮೋಡಲ್ಲಿದೆಯಾ ನೋಡಿ, ಡಾ (DAW, ಅಂದ್ರೆ ರೆಕಾರ್ಡಿಂಗ್ ಸಾಫ್ಟ್‌ವೇರ್) ಮೋಡಲ್ಲಿದ್ರೆ ಬೇರೆ ಭಾಷೆಲಿ ಮಾತಾಡುತ್ತೆ.

ಇನ್ನೊಂದು, ಈ ಫೇಡರ್‌ಗಳಿಗೆ ಮೋಟಾರ್ ಇಲ್ಲ, ಸ್ಕ್ರೀನ್‌ನಲ್ಲಿ ವಾಲ್ಯೂಮ್ ಒಂದು ಕಡೆ ಫೇಡರ್ ಇನ್ನೊಂದು ಕಡೆ ಇದ್ರೆ ಮುಟ್ಟಿದ ತಕ್ಷಣ ಸೌಂಡ್ ದಢಾರಂತ ಹಾರುತ್ತೆ (ಹೆಡ್‌ಫೋನ್ ಹಾಕಿದ್ರೆ ಹುಷಾರು!). ಆಪಲ್ಲಿ ಪಿಕಪ್ ಆಯ್ಕೆ ಇದ್ರೆ ಆನ್ ಮಾಡಿ, ಆಗ ಫೇಡರ್ ಸ್ಕ್ರೀನ್‌ನ ವಾಲ್ಯೂಮ್ ಇರೋ ಜಾಗಕ್ಕೆ ಬರೋವರೆಗೂ ಸೌಂಡ್ ಅಲ್ಲಾಡಲ್ಲ. ಪವರ್ ಸಾಲಲ್ಲ ಅಂತ ಮೆಸೇಜ್ ಬಂದ್ರೆ ಚಾರ್ಜರ್ ಹಾಕೋ ಪೋರ್ಟ್ ಇರೋ ಯುಎಸ್‌ಬಿ ಹಬ್ ತಗೊಳ್ಳಿ. ಆಂಡ್ರಾಯ್ಡ್‌ನಲ್ಲೂ 6.0ರಿಂದ ಮಿಡಿ ಇದೆ, ಫೋನ್‌ಗೆ ಯುಎಸ್‌ಬಿ ಸಾಧನ ಹಾಕೋ ಓಟಿಜಿ ಕೇಬಲ್ ಬೇಕು.