ಮೊದಲ ಸಲ ಗುಡ್ಡದ ದಾರಿಯ ಹಾಫ್ ಮ್ಯಾರಥಾನ್ ಓಡುವವರು ಯಾವ ನಿಯಮ ಪಾಲಿಸಬೇಕು, ಏನೇನು ಸಿದ್ಧತೆ ಬೇಕು?

ಎರಡು ವರ್ಷದಿಂದ ಹುಬ್ಬಳ್ಳಿಯ ಉಣಕಲ್ ಕೆರೆಯ ಹತ್ತಿರ ಓಡುತ್ತಿದ್ದೀರಿ, ರಸ್ತೆಯ ಹಾಫ್ ಅನ್ನು 2 ಗಂಟೆ 10 ನಿಮಿಷದಲ್ಲಿ ಮುಗಿಸಿದ್ದೀರಿ, ಈಗ ಗೆಳೆಯರ ಮಾತಿಗೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆಯ ಟ್ರೇಲ್ ಓಟಕ್ಕೆ, ಅಂದರೆ ಗುಡ್ಡದ ಕಾಲುದಾರಿಯ ಓಟಕ್ಕೆ, ಹೆಸರು ಕೊಟ್ಟಿದ್ದೀರಿ. ಕೈಗೆ ಬಂದ ನಿಯಮಾವಳಿ ಒಂಬತ್ತು ಪುಟ ಇದೆ, ಅದರಲ್ಲಿ ಯಾವುದು ನಿಜಕ್ಕೂ ಮುಖ್ಯ, ಯಾವುದು ಸುಮ್ಮನೆ ಬರೆದದ್ದು ಅಂತ ಕೇಳಿದ್ದೀರಿ.

ನಾನು ಗದಗಿನವನು. ಇಂಥ ಓಟಗಳಲ್ಲಿ ನಾಲ್ಕು ಸಲ ಓಡಿದ್ದೇನೆ. ಆರು ಸಲ ಸ್ವೀಪರ್ ಆಗಿದ್ದೇನೆ, ಅಂದರೆ ಕಟ್ಟಕಡೆಯ ಓಟಗಾರರ ಹಿಂದೆ, ದಾರಿ ತೋರಿಸಲು ಕಟ್ಟಿದ ರಿಬ್ಬನ್ ಬಿಚ್ಚಿಕೊಳ್ಳುತ್ತ ಬರುವ ಕೆಲಸ. ಹಿಂದಿನಿಂದ ನೋಡಿದವನಿಗೆ ಆ ಒಂಬತ್ತು ಪುಟದಲ್ಲಿ ಒಂದೇ ಸಾಲು ಎದ್ದು ಕಾಣುತ್ತದೆ: ಓಟ ಬಿಡುವುದಾದರೆ ಹೇಳಿ ಬಿಡಿ.

ಮೂರು ವರ್ಷದ ಹಿಂದಿನ ಮಾತು. ಹದಿನಾರನೇ ಕಿಲೋಮೀಟರಿನ ನೀರಿನ ಟೇಬಲ್ ಹತ್ತಿರ ಬಂದಾಗ ಅಲ್ಲಿದ್ದ ಹುಡುಗಿ ಪಟ್ಟಿ ಹಿಡಿದುಕೊಂಡು, "ಅಣ್ಣಾ, ಮುನ್ನೂರಾ ಹದಿನಾಲ್ಕು ಇನ್ನೂ ಬಂದಿಲ್ರೀ" ಅಂದಳು. ನನ್ನ ಮುಂದೆ ಇದ್ದವರು ಇಬ್ಬರೇ, ಅವರ ನಂಬರ್ ಬೇರೆ. ಹಾಗಾದರೆ 314 ಎಲ್ಲಿ? ಫೋನ್ ಸ್ವಿಚ್ ಆಫ್. ನಾವು ಮೂವರು, ಜೊತೆಗೆ ಒಬ್ಬ ಕುರಿಗಾರ ಅಜ್ಜ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆವು. ಒಂದೊಂದು ಹಳ್ಳಕ್ಕೂ ಇಳಿದು, ಹೆಸರು ಹಿಡಿದು ಕೂಗಿ, ಸೀಟಿ ಊದಿದೆವು. ಅವರ ಮನೆಗೆ ಫೋನ್ ಮಾಡುವ ಪಾಳಿ ನನಗೆ ಬಂತು. "ಏನಾಗೇತ್ರಿ ಅವರಿಗೆ?" ಅಂತ ಆ ತಾಯಿ ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಮಧ್ಯಾಹ್ನ ಒಂದೂವರೆಗೆ ಸುದ್ದಿ ಬಂತು. ದಾರಿ ಹನ್ನೊಂದನೇ ಕಿಲೋಮೀಟರಿನಲ್ಲಿ ಡಾಂಬರು ರಸ್ತೆ ದಾಟುವ ಕಡೆ ಅವರಿಗೆ ಮೊಣಕಾಲು ನೋವು ಶುರುವಾಗಿತ್ತು. ಯಾರದೋ ಬೈಕ್ ಹತ್ತಿ ಮುಂಡರಗಿಗೆ ಹೋಗಿ, ಲಾಡ್ಜಿನಲ್ಲಿ ಮಲಗಿಬಿಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ. ಅರ್ಧಕ್ಕೆ ಬಿಟ್ಟೆನಲ್ಲ ಅನ್ನುವ ನಾಚಿಕೆಗೆ ಯಾರಿಗೂ ಮುಖ ತೋರಿಸದೆ ಹೋಗಿದ್ದರು ಅಷ್ಟೇ.

ಅದಕ್ಕೇ ಹೇಳುತ್ತೇನೆ, ಕಾಲು ಸೋತರೆ ನಾಚಿಕೆ ಬೇಡ. ಹತ್ತಿರದ ವಾಲಂಟಿಯರ್ ಕಡೆ ಹೋಗಿ ನಂಬರ್ ಹೇಳಿ, ಅವರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿ. ಯಾರೂ ಇಲ್ಲದ ಜಾಗವಾದರೆ ಬಿಬ್ ಮೇಲೆ, ಅಂದರೆ ಎದೆಗೆ ಹಚ್ಚಿಕೊಳ್ಳುವ ಓಟದ ನಂಬರಿನ ಚೀಟಿಯ ಮೇಲೆ, ಮುದ್ರಿಸಿದ ತುರ್ತು ನಂಬರಿಗೆ ಫೋನ್ ಮಾಡಿ ಅಥವಾ ಮೆಸೇಜ್ ಹಾಕಿ. ಗುಡ್ಡದ ಸಂದಿಯಲ್ಲಿ ಸಿಗ್ನಲ್ ಸಿಗದಿದ್ದರೆ ದಾರಿ ಬಿಟ್ಟು ಅಡ್ಡ ಹೋಗಬೇಡಿ, ನೆರಳು ನೋಡಿ ದಾರಿಯ ಪಕ್ಕದಲ್ಲೇ ಕೂಡಿ. ಹಿಂದೆ ಸ್ವೀಪರ್ ಬಂದೇ ಬರುತ್ತಾನೆ.

ಇನ್ನೊಬ್ಬರ ಬಿಬ್ ಹಾಕಿಕೊಂಡು ಓಡಬಾರದು ಅನ್ನುವ ನಿಯಮವೂ ಇದಕ್ಕೇ ಸೇರಿದ್ದು. ತಮ್ಮನಿಗೆ ಜ್ವರ ಬಂತು, ಅವನ ಬಿಬ್ ನಾನು ಹಾಕಿಕೊಂಡೆ ಅನ್ನುವವರನ್ನು ಪ್ರತಿ ಸಲ ನೋಡುತ್ತೇನೆ. ನೀವು ಎಚ್ಚರ ತಪ್ಪಿ ಬಿದ್ದರೆ ಡಾಕ್ಟರ ಕೈಯಲ್ಲಿ ನಿಮ್ಮ ತಮ್ಮನ ರಕ್ತದ ಗುಂಪು, ಅವನ ಔಷಧಿಯ ವಿವರ ಇರುತ್ತದೆ. ಬಿಬ್ ಎದೆಯ ಮೇಲೆ ಕಾಣುವಂತಿರಲಿ, ಮಡಚಬೇಡಿ, ಮೇಲೆ ಜಾಕೆಟ್ ಹಾಕಿ ಮುಚ್ಚಬೇಡಿ.

ಇನ್ನು ದಾರಿ. ರಸ್ತೆಯ ಹಾಫ್ 21.0975 ಕಿಲೋಮೀಟರ್. ಗುಡ್ಡದಲ್ಲಿ ಆ ಲೆಕ್ಕ ಬಿಗಿಯಾಗಿರುವುದಿಲ್ಲ, ಅರ್ಧ ಕಿಲೋಮೀಟರ್ ಆಚೀಚೆ ಆದರೆ ಗಾಬರಿಯಾಗಬೇಡಿ. ನೋಡಬೇಕಾದದ್ದು ಒಟ್ಟು ಏರು ಎಷ್ಟು ಅನ್ನುವುದನ್ನು. ಟ್ರೇಲ್ ಓಟದವರು 100 ಮೀಟರ್ ಏರನ್ನು ಒಂದು ಕಿಲೋಮೀಟರ್ ಅಂತ ಸೇರಿಸಿಕೊಳ್ಳುತ್ತಾರೆ. ನಿಮ್ಮ ದಾರಿಯಲ್ಲಿ 600 ಮೀಟರ್ ಏರಿದ್ದರೆ ಅದು 27 ಕಿಲೋಮೀಟರಿನ ಕೆಲಸ. ನಿಮ್ಮ ರಸ್ತೆಯ ವೇಗದಲ್ಲೇ ಎರಡೂಮುಕ್ಕಾಲು ಗಂಟೆ ಆಗುತ್ತದೆ, ಕಲ್ಲು ಇಳುಕಲು ಸೇರಿದರೆ ಮೂರು ಗಂಟೆ ದಾಟುತ್ತದೆ. ಕಟ್‌ಆಫ್ ಸಮಯವನ್ನು, ಅಂದರೆ ಇಷ್ಟರೊಳಗೆ ಮುಟ್ಟಬೇಕು ಅನ್ನುವ ಗಡುವನ್ನು, ಈ ಲೆಕ್ಕದಲ್ಲಿ ನೋಡಿ. ಕೊನೆಯ ಕಟ್‌ಆಫ್ ಒಂದೇ ಅಲ್ಲ, ನಡುವಿನ ಚೆಕ್‌ಪಾಯಿಂಟಿಗೆ ಬೇರೆ ಸಮಯ ಇರುತ್ತದೆ. ಅದು ಮೀರಿದರೆ ಮಾರ್ಷಲ್ ನಿಲ್ಲಿಸುತ್ತಾರೆ, ಅವರ ಜೊತೆ ವಾದಕ್ಕೆ ಇಳಿಯಬೇಡಿ. ಕಡಿದಾದ ಏರಿನಲ್ಲಿ ನಡೆಯಬಹುದು, ಎಲ್ಲರೂ ನಡೆಯುತ್ತಾರೆ. ತರಬೇತಿಗೆ ವಾರಕ್ಕೊಂದು ದಿನ ಕೆರೆ ಬಿಟ್ಟು ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಇಳಿಯುವುದನ್ನು ಹೆಚ್ಚು ಮಾಡಿ, ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೇ.

ದಾರಿ ತೋರಿಸಲು ರಿಬ್ಬನ್ ಕಟ್ಟಿರುತ್ತಾರೆ, ಕವಲಿನಲ್ಲಿ ಸುಣ್ಣದ ಪುಡಿಯ ಬಾಣ ಹಾಕಿರುತ್ತಾರೆ. ಬಾಣ ಮಳೆಗೆ ಅಳಿಸುತ್ತದೆ, ರಿಬ್ಬನ್ನನ್ನು ಆಡುಗಳು ತಿನ್ನುತ್ತವೆ. ಮುಂದಿನವರ ಬೆನ್ನು ನೋಡಿಕೊಂಡು ಓಡಬೇಡಿ, ಅವರೂ ತಪ್ಪಿರಬಹುದು. ಮೂರು ನಾಲ್ಕು ನೂರು ಮೀಟರ್ ಹೋದರೂ ರಿಬ್ಬನ್ ಕಾಣದಿದ್ದರೆ ಕೊನೆಯ ಸಲ ಕಂಡ ರಿಬ್ಬನ್ನಿಗೇ ಹಿಂದಿರುಗಿ. ಅಡ್ಡದಾರಿ ಹಿಡಿದು ಕೂಡಿಕೊಂಡರೆ ಓಟದಿಂದ ಹೊರಗೆ ಹಾಕುತ್ತಾರೆ. ಮ್ಯಾಪನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಿ.

ನಮ್ಮ ಕಡೆಯ ನೆಲದ ಬಗ್ಗೆ ನಿಯಮಾವಳಿಯಲ್ಲಿ ಇರುವುದಿಲ್ಲ, ನಾನು ಹೇಳುತ್ತೇನೆ. ಗುಡ್ಡದ ಮೇಲೆ ಕೆಂಪು ಮಸಾರಿ ಮಣ್ಣು, ಅದರ ಮೇಲೆ ಸಡಿಲ ಗರಸು. ಇಳಿಯುವಾಗ ಅದು ಕಾಲಡಿ ಕಾಳಿನಂತೆ ಜಾರುತ್ತದೆ, ಹೆಜ್ಜೆ ಚಿಕ್ಕದು ಮಾಡಿ. ತಪ್ಪಲಿಗೆ ಬಂದರೆ ಎರೆ ಹೊಲ. ಒಂದು ಹದ ಮಳೆ ಆಗಿದ್ದರೆ ಸಾಕು, ನಾಲ್ಕು ಹೆಜ್ಜೆಗೆ ಶೂ ಅಡಿ ರೊಟ್ಟಿಯಷ್ಟು ದಪ್ಪ ಮಣ್ಣು ಮೆತ್ತಿಕೊಂಡು ಕಾಲು ಎರಡು ಪಟ್ಟು ಭಾರ ಆಗುತ್ತದೆ. ಬದುವಿನ ಹುಲ್ಲಿನ ಮೇಲೆ ಕಾಲಿಡಿ, ಬಿತ್ತಿದ ಸಾಲಿನ ಮೇಲೆ ಇಡಬೇಡಿ, ಅದು ಯಾರದೋ ಬೆಳೆ. ಜಾಲಿ ಮುಳ್ಳು ತೆಳು ಅಡಿಯ ರಸ್ತೆ ಶೂಗಳನ್ನು ದಾಟಿ ಒಳಗೆ ಬರುತ್ತದೆ. ಅಡಿ ಗಟ್ಟಿಯಾಗಿ ಹಲ್ಲುಹಲ್ಲಾಗಿರುವ ಟ್ರೇಲ್ ಶೂ ತೊಗೊಳ್ಳಿ, ಬೆರಳ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಬಡಿದು ಕಪ್ಪಾಗುತ್ತದೆ.

ಕುರಿ ಹಿಂಡು ಎದುರಾದರೆ ಓಡುವುದನ್ನು ನಿಲ್ಲಿಸಿ ನಡೆಯಿರಿ. ಹಿಂಡಿನ ನಾಯಿಗಳಿಗೆ ಓಡುವವರೆಲ್ಲ ಕಳ್ಳರೇ. ನನ್ನ ಸುತ್ತ ಎರಡು ನಾಯಿ ನಿಂತು ಗುರ್ ಅಂದಾಗ ಕುರಿಗಾರ ದೂರದಿಂದ "ನಿಂತ್ ಬಿಡ್ರಿ, ಓಡಬ್ಯಾಡ್ರಿ, ಏನೂ ಮಾಡಂಗಿಲ್ಲ" ಅಂದ. ನಿಂತೆ, ಅವು ಮೂಸಿ ನೋಡಿ ಹೋದವು. ಕಿವಿಯಲ್ಲಿ ಹಾಡು ಹಾಕಿಕೊಂಡಿದ್ದರೆ ಆ ಮಾತು ನನಗೆ ಕೇಳುತ್ತಿರಲಿಲ್ಲ. ಇಯರ್‌ಫೋನ್ ಬೇಡ ಅನ್ನುವ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಹಿಂದಿನಿಂದ "ಬಲಕ್ಕೆ ಬರ್ತೀನಿ" ಅಂತ ಯಾರಾದರೂ ಕೂಗಿದರೆ ಕಾಲುದಾರಿ ಬಿಟ್ಟುಕೊಡಲೂ ಕಿವಿ ತೆರೆದಿರಬೇಕು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಬಹಳ ಕಡೆ ಕಪ್ ಇಡುವುದಿಲ್ಲ, ನಿಮ್ಮ ಬಾಟಲಿಗೇ ತುಂಬುತ್ತಾರೆ. ಐದಾರು ಕಿಲೋಮೀಟರಿಗೊಂದು ಟೇಬಲ್ ಅಂದರೆ ಏರಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು, ಒಂದು ಲೀಟರ್ ಹೊತ್ತುಕೊಳ್ಳಿ. ಬಾಯಾರಿದಷ್ಟು ಕುಡಿಯಿರಿ, ಹೆದರಿ ಹೊಟ್ಟೆ ತುಂಬ ಕುಡಿಯಬೇಡಿ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಮಂಪರು ಬರುತ್ತದೆ. ಒಂದು ಲೀಟರಿಗೆ ಒಂದು ಪ್ಯಾಕೆಟ್ ಅನ್ನುವ ಓಆರ್‌ಎಸ್ ಪುಡಿಯನ್ನು ಅಷ್ಟೇ ನೀರಿಗೆ ಕಲಸಿ, ಗಟ್ಟಿ ಮಾಡಬೇಡಿ. ತಿನ್ನಲು ನಾನು ಶೇಂಗಾ ಚಿಕ್ಕಿ, ಖರ್ಜೂರ ಒಯ್ಯುತ್ತೇನೆ. ಹೊಸದನ್ನು ಓಟದ ದಿನ ಪ್ರಯೋಗ ಮಾಡಬೇಡಿ. ನೋವಿನ ಗುಳಿಗೆ ನುಂಗಿ ಓಡುವ ರೂಢಿ ಕೆಲವರಿಗಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಗೆ ಕೆಡುಕು ಮಾಡುತ್ತವೆ, ದಯವಿಟ್ಟು ಬೇಡ.

ಜೊತೆಯವರು ಅಸಂಬದ್ಧ ಮಾತಾಡಲು ಶುರುಮಾಡಿದರೆ, ತೂರಾಡಿದರೆ, ಮೈ ಕಾದ ಹಂಚಿನಂತಿದ್ದರೆ ಅದು ಬಿಸಿಲಾಘಾತ ಇರಬಹುದು. ನಿಮ್ಮ ಸಮಯ ಮರೆತು ನಿಂತುಬಿಡಿ. ನೆರಳಿಗೆ ಒಯ್ದು, ಇರುವ ನೀರೆಲ್ಲ ತಲೆ ಕುತ್ತಿಗೆಗೆ ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಸಾಗಿಸಬೇಕು. ಕಡ್ಡಾಯ ಸಾಮಾನಿನಲ್ಲಿ ಸೀಟಿ ಯಾಕೆ ಅಂತ ಅನಿಸಬಹುದು. ಕೂಗಿದ ಗಂಟಲು ಹತ್ತು ನಿಮಿಷಕ್ಕೆ ಕಟ್ಟುತ್ತದೆ, ಸೀಟಿ ಕಟ್ಟುವುದಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಚಿರತೆ, ತೋಳ, ಕತ್ತೆಕಿರುಬ, ಕೊಂಡುಕುರಿ ಇರುವ ಜಾಗ. ಒಣ ಹುಲ್ಲಿಗೆ ಒಂದು ಕಿಡಿ ಸಾಕು, ಬೀಡಿ ಸಿಗರೇಟು ಕಡ್ಡಿಪೆಟ್ಟಿಗೆ ಏನೂ ಬೇಡ. ಓಡುತ್ತ ಶಕ್ತಿಗೆ ತಿನ್ನುವ ಸಿಹಿ ಜೆಲ್‌ನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದಾಗ ಬೀಳುವ ಆ ಸಣ್ಣ ತುದಿಯನ್ನೇ ನಾನು ಪ್ರತಿ ಸಲ ಮುಷ್ಟಿ ಮುಷ್ಟಿ ಆರಿಸುತ್ತೇನೆ. ಅದನ್ನೂ ಜೇಬಿಗೆ ಹಾಕಿಕೊಳ್ಳಿ.

ಹುಬ್ಬಳ್ಳಿಯಿಂದ ಅದೇ ದಿನ ನಸುಕಿನಲ್ಲಿ ಹೊರಡುವ ಯೋಚನೆ ಬಿಡಿ. ಗದಗಿನ ತನಕವೇ ಸುಮಾರು 60 ಕಿಲೋಮೀಟರ್, ಮೇಲೆ ಗುಡ್ಡದ ದಾರಿ ಬೇರೆ. ಹಿಂದಿನ ದಿನ ಬಂದು ಗುರುತಿನ ಚೀಟಿ ತೋರಿಸಿ ಬಿಬ್ ತೊಗೊಂಡು, ರಾತ್ರಿ ಇಲ್ಲೇ ಉಳಿಯಿರಿ. ಜನವರಿಯಲ್ಲಾದರೆ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ, ಆರಕ್ಕೆ ಬಿಟ್ಟರೆ ತಲೆಗೆ ಬ್ಯಾಟರಿ ಬೇಕು. ಬಿಬ್‌ನ ಹಿಂಬದಿ ತುರ್ತು ನಂಬರ್ ಬರೆಯುವ ಜಾಗದಲ್ಲಿ ಬಹಳ ಜನ ತಮ್ಮದೇ ಮೊಬೈಲ್ ನಂಬರ್ ಬರೆದಿರುತ್ತಾರೆ, ಆ ಫೋನ್ ಅವರ ಜೇಬಿನಲ್ಲೇ ಇರುತ್ತದೆ. ಭಾನುವಾರ ಬೆಳಿಗ್ಗೆ ಎದ್ದು ಫೋನ್ ಎತ್ತುವವರು ನಿಮ್ಮ ಮನೆಯಲ್ಲಿ ಯಾರೋ, ಅವರ ನಂಬರ್ ಬರೆಯಿರಿ, ಬಾಲ್ ಪೆನ್ನಿನಿಂದ, ಬೆವರಿಗೆ ಅಳಿಸದಂತೆ.